ತಾಯ್ನಾಡು ಹೊತ್ತಿ ಉರಿಯುವಾಗ ದೂರದಲ್ಲಿರುವವರು ದನಿ ಎತ್ತಬೇಕೇ, ಸುಮ್ಮನಿರಬೇಕೇ?

ಪ್ರಶ್ನೆ: ಸರಸ್ವತಿಪುರಂ ಓದುಗ

ಎಲ್ಲರಿಗೂ ನಮಸ್ಕಾರ. ಮೂರು ವರ್ಷಕ್ಕೂ ಹೆಚ್ಚು ಕಾಲದಿಂದ ನನ್ನೊಳಗೇ ಇಟ್ಟುಕೊಂಡಿದ್ದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಸ್ವಲ್ಪ ದೀರ್ಘವಾಗಿಯೇ ಬರೆಯಬೇಕಾಗಿದೆ, ದಯವಿಟ್ಟು ಸಹನೆಯಿಂದ ಓದಿ.

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯ ಮಹಡಿಯನ್ನು ಮಾನಸಗಂಗೋತ್ರಿಯಲ್ಲಿ ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವುದು ನಮ್ಮ ವಾಡಿಕೆ. 2022ರಲ್ಲಿ ಅಲ್ಲಿ ಇರಾನಿನ ಹುಡುಗಿಯೊಬ್ಬಳು ಇದ್ದಳು. ನನ್ನ ಹೆಂಡತಿಯಿಂದ ಸಾರಿನ ಪುಡಿ ಮಾಡುವುದನ್ನು ಕಲಿತು, ಹಬ್ಬದ ದಿನ ನಮ್ಮೊಂದಿಗೇ ಎಲೆಯ ಮುಂದೆ ಕೂರುವಷ್ಟು ಹತ್ತಿರದವಳಾಗಿದ್ದಳು. ಆ ವರ್ಷ ಸೆಪ್ಟೆಂಬರ್ 16ರಂದು ಮಹ್ಸಾ ಅಮೀನಿ ಎಂಬ 22 ವರ್ಷದ ಯುವತಿ ಟೆಹರಾನಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ತಲೆವಸ್ತ್ರವನ್ನು ನಿಯಮದಂತೆ ಧರಿಸಿಲ್ಲವೆಂದು ನೈತಿಕ ಪೊಲೀಸರು ಆಕೆಯನ್ನು ಬಂಧಿಸಿದ್ದರು. ಮುಂದೆ ಇರಾನಿನ ಊರೂರುಗಳಲ್ಲಿ ಪ್ರತಿಭಟನೆಗಳು ಎದ್ದದ್ದು, ಸರ್ಕಾರ ಅವನ್ನು ಗುಂಡಿನಿಂದ ಅಡಗಿಸಲು ಹೊರಟದ್ದು ನಿಮಗೆಲ್ಲ ತಿಳಿದೇ ಇದೆ.

ಇಲ್ಲಿ ದಸರೆ ನಡೆಯುತ್ತಿತ್ತು. ಬೀದಿಗೆ ಬೀದಿಯೇ ದೀಪಗಳಿಂದ ಹೊಳೆಯುತ್ತಿದ್ದಾಗ ನಮ್ಮ ಮಹಡಿಯ ದೀಪ ಮಾತ್ರ ಹತ್ತುತ್ತಿರಲಿಲ್ಲ. ಸಂಜೆ ಅವಳ ದೇಶದವರೇ ಆದ ಮೂರು ನಾಲ್ಕು ಮಂದಿ ಬರುತ್ತಿದ್ದರು. ಬಂದವರು ಮೊದಲು ನಮ್ಮ ಅಡುಗೆಮನೆಗೆ ಬಂದು, ತಮ್ಮ ಮೊಬೈಲುಗಳನ್ನೆಲ್ಲ ಅಕ್ಕಿ ಡಬ್ಬದೊಳಗಿಟ್ಟು ಮುಚ್ಚಳ ಹಾಕಿ, ಆಮೇಲೆ ತಾರಸಿಗೆ ಹೋಗಿ ಮಾತನಾಡುತ್ತಿದ್ದರು. ಒಂದು ಬೆಳಗ್ಗೆ ನನ್ನ ಹೆಂಡತಿ ಪಾವು ಹಾಕಿ ಅಕ್ಕಿ ತೆಗೆಯುವಾಗ ಯಾರೋ ಮರೆತುಹೋಗಿದ್ದ ಫೋನ್ ಸಿಕ್ಕಿತು. ಚಾರ್ಜರಿನ ತೂತಿನಲ್ಲಿ ಒಂದು ನುಚ್ಚು ಸಿಕ್ಕಿಕೊಂಡಿತ್ತು. ಅವಳ ತಂದೆ ಊರಿನಿಂದ ಕರೆ ಮಾಡಿದಾಗ ‘ಅಜ್ಜಿಗೆ ಜ್ವರ ಬಂದಿದೆ’ ಎಂದರೆ ಊರಿನಲ್ಲಿ ಗುಂಡು ಹಾರಿದೆ ಎಂದು ಅರ್ಥ. ಅಜ್ಜಿ ತೀರಿಹೋಗಿ ಹತ್ತು ವರ್ಷವಾಗಿತ್ತು.

ಅಕ್ಟೋಬರ್ 22ರಂದು ಬರ್ಲಿನ್ ನಗರದಲ್ಲಿ ಆ ಪ್ರತಿಭಟನೆಗಳ ಬೆಂಬಲಕ್ಕೆ ಸುಮಾರು 80,000 ಮಂದಿ ಸೇರಿದ ಚಿತ್ರಗಳನ್ನು ಅವಳೇ ನನಗೆ ತೋರಿಸಿದಳು. ಅದಾದ ಕೆಲವು ದಿನಗಳಲ್ಲಿ ಇಲ್ಲಿಯ ವಿದ್ಯಾರ್ಥಿಗಳೂ ಮೇಣದಬತ್ತಿ ಹಿಡಿದು ಒಂದು ಗಂಟೆ ಮೌನವಾಗಿ ನಿಲ್ಲೋಣವೆಂದು ಯೋಚಿಸಿದರು. ಅವಳು ಕೆಳಗಿಳಿದು ಬಂದು ‘ಅಂಕಲ್, ಹೋಗಲೇ?’ ಎಂದು ಕೇಳಿದಳು. ನಾನು ಬೇಡವೆಂದೆ. ನಿನ್ನ ತಂದೆ ಸರ್ಕಾರಿ ಶಾಲೆಯ ಮೇಷ್ಟ್ರು, ತಮ್ಮ ಇನ್ನೂ ಓದುತ್ತಿದ್ದಾನೆ, ಇಲ್ಲಿ ತೆಗೆದ ಒಂದು ಫೋಟೊ ಅಲ್ಲಿಗೆ ತಲುಪಲು ಎಷ್ಟು ಹೊತ್ತು, ನಿನ್ನ ವೀಸಾ ಗತಿ ಏನು ಎಂದೆಲ್ಲ ಹೇಳಿದೆ. ಅವಳು ಹೋಗಲಿಲ್ಲ. ಡಿಸೆಂಬರ್ 8ರಂದು ಮೊಹ್ಸೆನ್ ಶೆಕಾರಿ ಎಂಬ ಯುವಕನನ್ನು ಆ ಪ್ರತಿಭಟನೆಗಳಿಗೆ ಸಂಬಂಧಿಸಿದಂತೆ ಮೊದಲಿಗನಾಗಿ ಗಲ್ಲಿಗೇರಿಸಿದ ಸುದ್ದಿ ಬಂದಾಗ ಎರಡು ದಿನ ಕೆಳಗೆ ಇಳಿಯಲೇ ಇಲ್ಲ.

ಈಗ ಅವಳು ಓದು ಮುಗಿಸಿ ಬೇರೊಂದು ದೇಶದಲ್ಲಿದ್ದಾಳೆ. ಕಳೆದ ತಿಂಗಳು ಬಂದ ಪತ್ರದಲ್ಲಿ, ‘ನೀವು ಅಂದು ಬೇಡವೆಂದದ್ದು ನನ್ನ ಒಳ್ಳೆಯದಕ್ಕೇ ಎಂದು ಗೊತ್ತು, ಆದರೆ ಆ ಸಂಜೆಯನ್ನು ನಾನು ಇನ್ನೂ ಮರೆತಿಲ್ಲ’ ಎಂದು ಬರೆದಿದ್ದಾಳೆ. ಏನು ಉತ್ತರ ಬರೆಯಬೇಕೆಂದು ನನಗೆ ತೋಚುತ್ತಿಲ್ಲ.

ಸುರಕ್ಷಿತವಾದ ದೂರದಲ್ಲಿರುವವರು ತಾಯ್ನಾಡಿನ ರಾಜಕೀಯದಲ್ಲಿ ಕೈಹಾಕಿದರೆ ಅದರ ಬೆಲೆಯನ್ನು ಅಲ್ಲಿಯೇ ಉಳಿದವರು ತೆರಬೇಕಾಗುತ್ತದೆ ಎಂಬುದು ನನ್ನ ಅಂದಿನ ನಂಬಿಕೆ. ಅದು ಸರಿಯೇ? ಅಥವಾ ಭಯಸ್ಥನಾದ ಮನೆಯ ಯಜಮಾನನೊಬ್ಬ ಬೇರೆಯವರ ಮನಸ್ಸಾಕ್ಷಿಗೆ ಬೀಗ ಹಾಕಿದ್ದೇ?


ಉತ್ತರ 1: ಪಿರಿಯಾಪಟ್ಟಣದ ನಿವೃತ್ತ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಾನು ಸಹಕಾರ ಸಂಘದ ಕೆಲಸದಲ್ಲಿದ್ದು, ಬೈಲಕುಪ್ಪೆಯ ಟಿಬೆಟನ್ನರ ಜೊತೆ ಮುಸುಕಿನ ಜೋಳದ ವ್ಯವಹಾರದಲ್ಲಿಯೇ ಮೂವತ್ತು ವರ್ಷ ಕಳೆದವನು. ನಾವು ಅವರ ಊರನ್ನು ಇಂದಿಗೂ ‘ಕ್ಯಾಂಪ್’ ಎಂದೇ ಕರೆಯುತ್ತೇವೆ. ತಾಯ್ನಾಡಿನಿಂದ ದೂರವಿದ್ದು ಅದರ ರಾಜಕೀಯ ಮಾಡುವುದೆಂದರೇನು ಎಂಬುದನ್ನು ತಿಳಿಯಲು ನಮ್ಮ ಜಿಲ್ಲೆಯವರು ಬರ್ಲಿನ್‌ವರೆಗೆ ಹೋಗಬೇಕಾಗಿಲ್ಲ.

1959ರ ಮಾರ್ಚ್ 10ರಂದು ಲಾಸಾದಲ್ಲಿ ಜನ ದಂಗೆ ಎದ್ದರು. ಅದು ಅಡಗಿಸಲ್ಪಟ್ಟು ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಿಳಿಯಿತು. ಅದಕ್ಕೂ ಕೆಲವು ತಿಂಗಳು ಮೊದಲೇ, 1960ರ ಸೆಪ್ಟೆಂಬರ್ 2ರಂದು, ಅವರ ದೇಶಭ್ರಷ್ಟ ಸಂಸತ್ತು ಅಸ್ತಿತ್ವಕ್ಕೆ ಬಂದಿತ್ತು ಎಂಬುದನ್ನು ಗಮನಿಸಬೇಕು. ತಲೆಯ ಮೇಲೆ ಸೂರು ಬೀಳುವ ಮೊದಲೇ ಅವರು ಪ್ರತಿನಿಧಿಗಳನ್ನು ಆರಿಸಿಕೊಂಡಿದ್ದರು.

ಇಂದು ಆ ಸಂಸತ್ತಿನಲ್ಲಿ 45 ಸದಸ್ಯರಿದ್ದಾರೆ. ಊ-ತ್ಸಾಂಗ್, ದೊತೋ, ದೊಮೆ ಎಂಬ ಮೂರು ಪ್ರಾಂತ್ಯಗಳಿಗೆ ತಲಾ 10 ಸ್ಥಾನ, ನಾಲ್ಕು ಬೌದ್ಧ ಪಂಥಗಳಿಗೂ ಬೋನ್ ಪಂಥಕ್ಕೂ ತಲಾ 2, ಉಳಿದ ಐದು ವಿದೇಶಗಳಲ್ಲಿರುವವರಿಗೆ. ಬೈಲಕುಪ್ಪೆಯಲ್ಲೇ ಹುಟ್ಟಿ, ಕನ್ನಡದಲ್ಲಿ ಚೌಕಾಸಿ ಮಾಡುವ ಹುಡುಗ ತನ್ನ ಅಜ್ಜನ ಪ್ರಾಂತ್ಯದ ಹೆಸರಿನಲ್ಲಿ, ಎಂದೂ ಕಣ್ಣಾರೆ ಕಾಣದ ನೆಲದ ಪ್ರತಿನಿಧಿಗೆ ಮತ ಹಾಕುತ್ತಾನೆ. ಮತದ ಹಕ್ಕು ಬೇಕಾದರೆ ಅವರ ದೇಶಭ್ರಷ್ಟ ಆಡಳಿತ ಕೊಡುವ ಹಸಿರು ಪುಸ್ತಕವಿರಬೇಕು ಮತ್ತು ಪ್ರತಿ ವರ್ಷದ ವಂತಿಗೆ ಬಾಕಿಯಿಲ್ಲದೆ ಅದರಲ್ಲಿ ದಾಖಲಾಗಿರಬೇಕು. 2021ರ ಏಪ್ರಿಲ್ 11ರ ಮತದಾನದ ದಿನ ನಾನು ಕೆಲಸವಿದ್ದು ಕ್ಯಾಂಪಿಗೆ ಹೋಗಿದ್ದೆ. ಕೊರೊನಾ ಕಾಲವಾದ್ದರಿಂದ ಎಲ್ಲರ ಮುಖಕ್ಕೂ ಮಾಸ್ಕ್ ಇತ್ತು. ಸಾಲಿನಲ್ಲಿ ನಿಂತಿದ್ದ, ಪಟ್ಟೆ ಪಟ್ಟೆಯ ಏಪ್ರನ್ ಕಟ್ಟಿದ್ದ ಮುದುಕಿಯೊಬ್ಬರು ಒಂದು ಕೈಯಲ್ಲಿ ಜಪಮಣಿ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಆ ಹಸಿರು ಪುಸ್ತಕವನ್ನು ಪ್ಲಾಸ್ಟಿಕ್ ಕವರಿನೊಳಗೆ ಎದೆಗೊತ್ತಿ ಹಿಡಿದಿದ್ದರು. ಆ ಚುನಾವಣೆಯಲ್ಲಿ ಗೆದ್ದು ಸಿಕ್ಯೋಂಗ್, ಅಂದರೆ ಆಡಳಿತದ ಮುಖ್ಯಸ್ಥರಾದ ಪೆನ್ಪಾ ತ್ಸೆರಿಂಗ್ 1967ರಲ್ಲಿ ಹುಟ್ಟಿದ್ದು ಇದೇ ಬೈಲಕುಪ್ಪೆಯಲ್ಲಿ.

ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವ ವಿಷಯ ಬೇರೊಂದಿದೆ. 2009ರಿಂದ ಈಚೆಗೆ ಟಿಬೆಟ್ಟಿನ ಒಳಗೆ 150ಕ್ಕೂ ಹೆಚ್ಚು ಮಂದಿ, ಭಿಕ್ಷುಗಳು, ಗೃಹಸ್ಥರು, ತಾಯಂದಿರು, ಮೈಗೆ ಬೆಂಕಿ ಹಚ್ಚಿಕೊಂಡರು. ಅಂಥ ಸುದ್ದಿ ಬಂದ ಸಂಜೆ ಕ್ಯಾಂಪಿನ ರಸ್ತೆಯಲ್ಲಿ ಬೆಣ್ಣೆದೀಪ ಹಿಡಿದ ಮೆರವಣಿಗೆಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೊರಗಿರುವವರಿಗೆ ಆ ಸಾವುಗಳು ಜಗತ್ತಿನ ಗಮನ ತರುತ್ತಿದ್ದವು. ಆದರೂ ಧರ್ಮಶಾಲಾದಲ್ಲಿರುವ ಅವರ ದೇಶಭ್ರಷ್ಟ ಆಡಳಿತ, ಇಂಥ ಕಠೋರ ಹೆಜ್ಜೆ ಇಡಬೇಡಿ, ನಿಮ್ಮ ಪ್ರಾಣ ನಮಗೆ ಬೇಕು ಎಂದು ಒಳಗಿರುವವರನ್ನು ಮತ್ತೆ ಮತ್ತೆ ಕೇಳಿಕೊಂಡಿತು. ಒಳಗಿರುವವರ ಸಂಕಟವನ್ನು ಹೊರಗೆ ಸಾರುತ್ತಲೇ, ಆ ಸಂಕಟ ಹೆಚ್ಚಾಗದಂತೆ ತಡೆಯುವ ಹೊಣೆಯೂ ಹೊರಗಿರುವವರದು ಎಂಬುದನ್ನು ನಾನು ಅವರಿಂದ ಕಲಿತೆ.

ಅವರಲ್ಲಿ ಭಿನ್ನಾಭಿಪ್ರಾಯ ಇಲ್ಲವೆಂದಲ್ಲ. ಚೀನಾದ ಒಳಗೇ ನಿಜವಾದ ಸ್ವಾಯತ್ತತೆ ಸಾಕೆನ್ನುವ ಮಧ್ಯಮ ಮಾರ್ಗದವರೂ, ಪೂರ್ಣ ಸ್ವಾತಂತ್ರ್ಯವೇ ಬೇಕೆನ್ನುವವರೂ ಒಂದೇ ಚಹಾ ಅಂಗಡಿಯಲ್ಲಿ ಕುಳಿತು ವಾದ ಮಾಡುತ್ತಾರೆ. ಹುಡುಗಿಯನ್ನು ನೀವು ತಡೆದದ್ದು ತಪ್ಪೆಂದು ಹೇಳಲು ನನಗೆ ಮನಸ್ಸು ಬಾರದು. ಆದರೆ ಅವಳ ದೇಶದವರಿಗೆ ಬೈಲಕುಪ್ಪೆಯವರ ಹಾಗೆ ಒಟ್ಟಾಗಿ ಕುಳಿತು ನಿರ್ಧರಿಸುವ ಜಾಗ ಮೈಸೂರಿನಲ್ಲಿ ಇರಲಿಲ್ಲ. ಇದ್ದದ್ದು ನಿಮ್ಮ ತಾರಸಿಯೊಂದೇ.


ಉತ್ತರ 2: ವಕೀಲೆ, ಮೈಸೂರು

ಕಾನೂನಿನ ಅಂಶವನ್ನಷ್ಟೇ ಸೇರಿಸುತ್ತೇನೆ. ನಮ್ಮ ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ನಾಗರಿಕರಿಗೆ ಮಾತ್ರ ಸಿಗುವಂಥದ್ದು. 21ನೇ ವಿಧಿಯ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ರಕ್ಷಣೆ ಈ ನೆಲದ ಮೇಲಿರುವ ಎಲ್ಲ ವ್ಯಕ್ತಿಗಳಿಗೂ ಇದೆ. 2020ರ ಮಾರ್ಚ್‌ನಲ್ಲಿ, ಮೆರವಣಿಗೆಯೊಂದರಲ್ಲಿ ಕಾಣಿಸಿಕೊಂಡ ಕಾರಣಕ್ಕೆ ಜಾಧವಪುರ ವಿಶ್ವವಿದ್ಯಾಲಯದ ಪೋಲೆಂಡ್ ವಿದ್ಯಾರ್ಥಿಗೆ ಕೊಟ್ಟಿದ್ದ ದೇಶ ತೊರೆಯುವ ನೋಟಿಸನ್ನು ಕಲ್ಕತ್ತಾ ಹೈಕೋರ್ಟ್ ರದ್ದುಪಡಿಸಿತು. ಆದ್ದರಿಂದ ವೀಸಾ ವಿಷಯದಲ್ಲಿ ನಿಮ್ಮ ಆತಂಕಕ್ಕೆ ಆಧಾರವಿತ್ತು, ಆದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅನುಮತಿ ಪಡೆದು, ಶಾಂತವಾಗಿ, ವಿಶ್ವವಿದ್ಯಾಲಯಕ್ಕೆ ತಿಳಿಸಿ ನಿಲ್ಲುವ ದಾರಿಯೊಂದಿತ್ತು. ಅವಳ ಮನೆಯವರಿಗೆ ಬರಬಹುದಾಗಿದ್ದ ಅಪಾಯಕ್ಕೆ ಮಾತ್ರ ನಮ್ಮ ಯಾವ ನ್ಯಾಯಾಲಯವೂ ತಡೆಯಾಜ್ಞೆ ಕೊಡಲಾರದು.


ಉತ್ತರ 3: ಮದ್ದೂರು ಕಡೆಯವ

ನಾನು ಮಂಡ್ಯ ಜಿಲ್ಲೆಯವನು. 2005ರಿಂದ ಏಳು ವರ್ಷ ಟೊರೊಂಟೊ ನಗರದ ಸ್ಕಾರ್ಬರೊ ಎಂಬಲ್ಲಿದ್ದೆ. ನಾನು ಬಾಡಿಗೆಗಿದ್ದ ನೆಲಮಾಳಿಗೆಯ ಎದುರಿಗೆ ಶ್ರೀಲಂಕಾದ ತಮಿಳರೊಬ್ಬರ ದಿನಸಿ ಅಂಗಡಿ ಇತ್ತು. 1983ರ ಜುಲೈ ಗಲಭೆಯಲ್ಲಿ ಕೊಲಂಬೊದಲ್ಲಿದ್ದ ಮನೆಯನ್ನು ಕಳೆದುಕೊಂಡು ಬಂದವರು ಅವರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ.

ತಿಂಗಳಿಗೊಮ್ಮೆ ಇಬ್ಬರು ಬರುತ್ತಿದ್ದರು. ಅಣ್ಣ ಮಾತಿಲ್ಲದೆ ಗಲ್ಲಾಪೆಟ್ಟಿಗೆ ತೆರೆದು, ಎಣಿಸಿ, ಕೊಟ್ಟು, ಅವರು ಹೋದ ಮೇಲೆ ಒಂದು ಲೋಟ ನೀರು ಕುಡಿಯುತ್ತಿದ್ದರು. ಇಷ್ಟಪಟ್ಟು ಕೊಡುತ್ತಿದ್ದರೋ ಹೆದರಿ ಕೊಡುತ್ತಿದ್ದರೋ ಎಂದು ಒಮ್ಮೆ ಕೇಳಿದಾಗ, ಎರಡೂ ಒಂದೇ ನೋಟಿನಲ್ಲಿವೆ ಎಂದರು. ಕೆನಡಾ ಮತ್ತು ಬ್ರಿಟನ್‌ಗಳಲ್ಲಿದ್ದ ತಮಿಳರಿಂದ, ಶ್ರೀಲಂಕಾದಲ್ಲಿ ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಬೆದರಿಸಿ ಹಣ ವಸೂಲು ಮಾಡುತ್ತಿದೆಯೆಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2006ರಲ್ಲಿ ವರದಿ ಪ್ರಕಟಿಸಿದಾಗ, ನನಗೆ ನೆನಪಾದದ್ದು ಆ ನೀರಿನ ಲೋಟ. ಆ ದುಡ್ಡಿನಲ್ಲಿ ಕೊಂಡ ಬಂದೂಕನ್ನು ಹಿಡಿದವರಲ್ಲಿ ಬಲವಂತವಾಗಿ ಎಳೆದೊಯ್ಯಲ್ಪಟ್ಟ ಮಕ್ಕಳೂ ಇದ್ದರು. ಟೊರೊಂಟೊದ ಮಕ್ಕಳು ಆಗ ಹಳದಿ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದರು. ಇದನ್ನು ಬರೆಯುವಾಗ ನನಗೆ ಈಗಲೂ ನೋವಾಗುತ್ತದೆ.

ಆದರೆ ಇದೇ ಅಣ್ಣ 2009ರ ಮೇ 10ರಂದು, ಒಂದು ಭಾನುವಾರ, ಹೆಂಡತಿ ಮಕ್ಕಳೊಂದಿಗೆ ಗಾರ್ಡಿನರ್ ಹೆದ್ದಾರಿಯ ಮೇಲೆ ಹೋಗಿ ಕುಳಿತರು. ಸಾವಿರಾರು ಮಂದಿ ಆ ರಸ್ತೆಯನ್ನು ಗಂಟೆಗಟ್ಟಲೆ ತಡೆದಿದ್ದರು. ಅವರ ಅಕ್ಕನ ಕುಟುಂಬ ಶ್ರೀಲಂಕಾದಲ್ಲಿ ಯುದ್ಧದ ಕೊನೆಯ ಕಾಳಗ ನಡೆಯುತ್ತಿದ್ದ ಮುಳ್ಳಿವಾಯ್ಕಾಲ್ ಕರಾವಳಿಯ ಚೂರು ಜಾಗದಲ್ಲಿ ಹತ್ತಾರು ಸಾವಿರ ಜನರ ಜೊತೆ ಸಿಕ್ಕಿಬಿದ್ದಿತ್ತು, ಹದಿನೈದು ದಿನದಿಂದ ಸುದ್ದಿಯೇ ಇರಲಿಲ್ಲ. ಪತ್ರಕರ್ತರನ್ನು ಒಳಗೆ ಬಿಡುತ್ತಿರಲಿಲ್ಲ. ಹೊರಗಿದ್ದವರು ಕೂಗದಿದ್ದರೆ ಕೂಗುವವರು ಯಾರು? ಊರಿನ ಕೆಲವರು ಅಂದು ಟ್ರಾಫಿಕ್ ನಿಂತದ್ದಕ್ಕೆ ಸಿಟ್ಟಾಗಿದ್ದರು. ಇನ್ನೊಂದು ವಾರದಲ್ಲಿ ಯುದ್ಧವೇ ಮುಗಿದುಹೋಯಿತು. ಅಕ್ಕನ ಸುದ್ದಿ ನಾನು ಅಲ್ಲಿಂದ ಹೊರಡುವವರೆಗೂ ಬರಲಿಲ್ಲ.

ಒಂದೇ ಮನುಷ್ಯ, ಒಂದೇ ತಾಯ್ನಾಡು. ದುಡ್ಡು ಕೊಟ್ಟದ್ದನ್ನೂ ರಸ್ತೆಯಲ್ಲಿ ಕುಳಿತದ್ದನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗಲಾರೆ. ದುಡ್ಡಿನಿಂದ ಏನಾಯಿತೆಂದು ಕೇಳುವ ಹಕ್ಕು ಅವರಿಗಿರಲಿಲ್ಲ, ರಸ್ತೆಯ ಮೇಲೆ ಅವರು ತಮ್ಮ ಹೆಸರಿನಲ್ಲಿ, ತಮ್ಮ ಮೈಯನ್ನೇ ಇಟ್ಟು ಕುಳಿತಿದ್ದರು.

ನಮ್ಮ ಮನೆಯದೇ ಒಂದು ಸಣ್ಣ ಮಾತು. 2016ರ ಸೆಪ್ಟೆಂಬರ್ 5ರಂದು ಕಾವೇರಿಯಿಂದ ದಿನಕ್ಕೆ 15,000 ಕ್ಯುಸೆಕ್ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದಾಗ ನಾನು ಊರಿಗೆ ಮರಳಿದ್ದೆ. ಗದ್ದೆಗೆ ನೀರಿಲ್ಲದೆ ರೈತರು ಹೆದ್ದಾರಿಯಲ್ಲಿ ಕುಳಿತಿದ್ದರು. ಅವರ ಸಂಕಟ ನಿಜವಾದದ್ದು. ಹೊರದೇಶದಲ್ಲಿದ್ದ ನಮ್ಮ ನೆಂಟರೊಬ್ಬರು ಎಂದೋ ಎಲ್ಲೋ ನಡೆದ ಹೊಡೆದಾಟದ ವಿಡಿಯೊ ಒಂದನ್ನು, ಈಗ ನಮ್ಮವರ ಮೇಲೆ ನಡೆಯುತ್ತಿದೆಯೆಂದು ಬರೆದು ಕಳಿಸಿದರು. ಚಿಕ್ಕಪ್ಪನ ಮಗ ಅದನ್ನು ಊರಿಗೆಲ್ಲ ಹಂಚಿದ. ಮೊಕದ್ದಮೆ ಬಿದ್ದದ್ದು ಅವನ ಮೇಲೆ. ಎರಡು ವರ್ಷ ಕಬ್ಬು ಕಡಿಯುವ ಕಾಲದಲ್ಲೂ ಕೆಲಸ ಬಿಟ್ಟು ಕೋರ್ಟಿಗೆ ಅಲೆದ. ಕಳಿಸಿದವರಿಗೂ ನೀರಿನ ಮೇಲಿನ ಪ್ರೀತಿ ಸುಳ್ಳಲ್ಲ, ಆದರೆ ಒಂದು ವಾಯಿದೆಗೂ ಅವರು ಬಂದು ನಿಲ್ಲಲಿಲ್ಲ.

ನಿಮ್ಮ ಬಾಡಿಗೆ ಮನೆಯ ಹುಡುಗಿ ಯಾರನ್ನೂ ಬೀದಿಗಿಳಿಯಿರೆಂದು ಹೇಳುತ್ತಿರಲಿಲ್ಲ. ತಾನು ನಿಲ್ಲುತ್ತೇನೆ ಎನ್ನುತ್ತಿದ್ದಳು.


ಉತ್ತರ 4: ಇತಿಹಾಸದ ಮೇಷ್ಟ್ರು

ಮದ್ದೂರಿನವರು ಹೇಳಿದ ಕೊನೆಯ ಮಾತು ಮುಖ್ಯವಾದದ್ದು. ದೂರದಲ್ಲಿರುವವರು ಬೆಲೆ ತೆರುವುದಿಲ್ಲ ಎಂಬ ಮಾತನ್ನು ಸಾರಾಸಗಟಾಗಿ ಒಪ್ಪುವಂತಿಲ್ಲ. 1913ರ ನವೆಂಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ಗದರ್’ ಪತ್ರಿಕೆಯ ಮೊದಲ ಸಂಚಿಕೆ ಹೊರತಂದ, ಬ್ರಿಟಿಷ್ ಆಳ್ವಿಕೆಯ ವಿರುದ್ಧದ ಸಂಘಟನೆಯಲ್ಲಿ ಹೆಚ್ಚಿನವರು ಅಮೆರಿಕದ ಮರದ ಕಾರ್ಖಾನೆಗಳಲ್ಲೂ ತೋಟಗಳಲ್ಲೂ ಕೂಲಿ ಮಾಡುತ್ತಿದ್ದ ಪಂಜಾಬಿಗಳು. ಮರುವರ್ಷ ಮಹಾಯುದ್ಧ ಶುರುವಾದಾಗ ಅವರಲ್ಲಿ ಎಷ್ಟೋ ಮಂದಿ ದುಡಿದ ಡಾಲರುಗಳನ್ನು ಹಡಗಿನ ಟಿಕೇಟಿಗೆ ಸುರಿದು, ತಾವೇ ದಂಗೆ ಎಬ್ಬಿಸಲು ಭಾರತಕ್ಕೆ ಬಂದರು. ಅವರಲ್ಲೊಬ್ಬನಾದ ಕರ್ತಾರ್ ಸಿಂಗ್ ಸರಾಭಾನನ್ನು 1915ರ ನವೆಂಬರ್ 16ರಂದು ಲಾಹೋರಿನಲ್ಲಿ ಗಲ್ಲಿಗೇರಿಸಿದಾಗ ಅವನಿಗೆ 19 ವರ್ಷ. ಆದರೆ ಅವರು ಎಡವಿದ್ದೂ ನಿಜ. ಪಂಜಾಬಿನ ಹಳ್ಳಿಗಳು ಕ್ರಾಂತಿಗೆ ಕಾದು ಕುಳಿತಿವೆ ಎಂದು ಅವರು ಕ್ಯಾಲಿಫೋರ್ನಿಯಾದಲ್ಲಿ ಕುಳಿತು ನಂಬಿದ್ದರು. ಬಂದು ನೋಡಿದರೆ ಅದೇ ಹಳ್ಳಿಗಳು ಬ್ರಿಟಿಷ್ ಸೇನೆಗೆ ಮಕ್ಕಳನ್ನು ಕಳಿಸುತ್ತಿದ್ದವು. ಬಿಟ್ಟುಬಂದ ಊರು ನಾವು ಬಿಟ್ಟ ದಿನಕ್ಕೇ ನಮ್ಮ ಮನಸ್ಸಿನಲ್ಲಿ ನಿಂತುಬಿಡುತ್ತದೆ, ಅಲ್ಲಿ ಮಾತ್ರ ಕಾಲ ನಡೆಯುತ್ತಲೇ ಇರುತ್ತದೆ.

ಇದೇ ತಪ್ಪು ತ್ಯಾಗವಿಲ್ಲದೆ ನಡೆದಾಗ ಏನಾಗುತ್ತದೆ ಎಂಬುದಕ್ಕೆ ಇರಾಕಿನ ಅಹ್ಮದ್ ಚಲಬಿ ಸಾಕ್ಷಿ. 1958ರಲ್ಲಿ ಹುಡುಗನಾಗಿದ್ದಾಗಲೇ ದೇಶ ಬಿಟ್ಟವರು. 2003ರ ಯುದ್ಧಕ್ಕೆ ಮುಂಚೆ ವಾಷಿಂಗ್ಟನ್ನಿನಲ್ಲಿ ಇರಾಕಿನ ಜನರ ಪರವಾಗಿ ಅತಿ ಗಟ್ಟಿಯಾಗಿ ಮಾತನಾಡಿದವರು ಅವರೇ. 2005ರ ಡಿಸೆಂಬರ್ ಚುನಾವಣೆಯಲ್ಲಿ ಆ ಜನರೇ ಮತ ಹಾಕುವ ಕಾಲ ಬಂದಾಗ ಅವರ ಪಟ್ಟಿಗೆ ಒಂದು ಸ್ಥಾನವೂ ಸಿಗಲಿಲ್ಲ.

ಇರಾನಿನ ವಿಷಯಕ್ಕೆ ಬಂದರೆ, ಆ ಹುಡುಗಿಯ ತಂದೆಯ ತಲೆಮಾರಿನವರು ಒಂದು ದೃಶ್ಯವನ್ನು ಮರೆತಿರಲಾರರು. 1964ರಲ್ಲಿ ಗಡೀಪಾರಾಗಿದ್ದ, ಮುಂದೆ ಇರಾನನ್ನು ಆಳಿದ ಧರ್ಮಗುರು ಖೊಮೇನಿ 1978ರಲ್ಲಿ ಪ್ಯಾರಿಸ್ ಬಳಿಯ ಹಳ್ಳಿಯೊಂದರಲ್ಲಿದ್ದು, ತಮ್ಮ ಭಾಷಣಗಳನ್ನು ಕ್ಯಾಸೆಟ್ಟುಗಳಲ್ಲಿ ಊರಿಗೆ ತಲುಪಿಸಿ, 1979ರ ಫೆಬ್ರವರಿ 1ರಂದು ಟೆಹರಾನಿನಲ್ಲಿ ವಿಮಾನದಿಂದ ಇಳಿದರು. ಬೀದಿಯಲ್ಲಿ ಪ್ರಾಣ ಕೊಟ್ಟ ಎಡಪಂಥೀಯರು, ಉದಾರವಾದಿಗಳು, ಹೆಂಗಸರು ಎಲ್ಲರೂ ಅವರನ್ನು ಸ್ವಾಗತಿಸಿದ್ದರು. ದೂರದಿಂದ ಬಂದ ದನಿಯಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದುದನ್ನೇ ಕೇಳಿಸಿಕೊಂಡಿದ್ದರು. ಹೊರಗಿನಿಂದ ಬರುವ ನಾಯಕನನ್ನು ಕಂಡರೆ ಇರಾನಿಯರು ಹಿಂಜರಿಯುವುದಕ್ಕೆ ಈ ನೆನಪೂ ಕಾರಣವೆಂದು ನನ್ನ ಅನಿಸಿಕೆ.

ನೀವು ಹೇಳಿದ ಬರ್ಲಿನ್ ಸಭೆಯನ್ನು ಸಂಘಟಿಸಿದವರು ಹಾಮೆದ್ ಇಸ್ಮಾಯಿಲಿಯೋನ್. 2020ರ ಜನವರಿ 8ರಂದು ಇರಾನಿನ ಕ್ಷಿಪಣಿಗೆ ತುತ್ತಾಗಿ 176 ಮಂದಿ ಸತ್ತ ಉಕ್ರೇನ್ ವಿಮಾನದಲ್ಲಿ ಅವರ ಹೆಂಡತಿಯೂ ಮಗಳೂ ಇದ್ದರು. ಅಂಥವರನ್ನು ದಡದಲ್ಲಿ ನಿಂತು ಕೂಗುವವರೆಂದು ಯಾರು ಅನ್ನಬಲ್ಲರು? ಅವರೂ ಇರಾನಿನ ಹಳೆಯ ದೊರೆ ಷಾ ಅವರ ಮಗ ರೆಜಾ ಪಹ್ಲವಿಯೂ ಇನ್ನೂ ಕೆಲವರೂ 2023ರ ಫೆಬ್ರವರಿಯಲ್ಲಿ ಒಂದೇ ವೇದಿಕೆಗೆ ಬಂದು, ಮಾರ್ಚ್‌ನಲ್ಲಿ ಒಂದು ಒಪ್ಪಂದಪತ್ರವನ್ನೂ ಹೊರಡಿಸಿದರು. ಏಪ್ರಿಲ್ ಕಳೆಯುವಷ್ಟರಲ್ಲಿ ಆ ಒಕ್ಕೂಟ ಒಡೆದುಹೋಯಿತು. ದುಃಖ ಅವರನ್ನು ಒಟ್ಟುಗೂಡಿಸಿತು, ಮುಂದಿನ ನಾಯಕ ಯಾರೆಂಬ ಪ್ರಶ್ನೆ ಚದುರಿಸಿತು. ಆ ಪ್ರಶ್ನೆಗೆ ಉತ್ತರಿಸುವ ಅಧಿಕಾರ ಒಳಗಿರುವವರದು ಮಾತ್ರ ಎಂದು ಅವರೆಲ್ಲ ಒಪ್ಪಿಕೊಂಡು, ಬಂದಿಗಳ ಹೆಸರು ಕೂಗುವುದಕ್ಕೆ, ಗಲ್ಲು ತಡೆಯುವುದಕ್ಕೆ ಸೇರಿಕೊಂಡೇ ಇದ್ದಿದ್ದರೆ ಚೆನ್ನಾಗಿತ್ತು.

ನಿಮಗೊಂದು ಪ್ರಶ್ನೆ ಕೇಳಬಹುದೇ? ಅಪಾಯ ಇದ್ದದ್ದು ಅವಳ ತಂದೆಗೆ ಮತ್ತು ತಮ್ಮನಿಗೆ. ಅಂದು ಅವರ ಅಭಿಪ್ರಾಯವೇನಿತ್ತು?


ಪ್ರಶ್ನೆ ಕೇಳಿದವರಿಂದ: ಸರಸ್ವತಿಪುರಂ ಓದುಗ

ಎಲ್ಲರ ಉತ್ತರಗಳನ್ನೂ ನಿನ್ನೆ ರಾತ್ರಿ ನನ್ನ ಹೆಂಡತಿಗೆ ಓದಿ ಹೇಳಿದೆ. ಮೇಷ್ಟ್ರು ಕೇಳಿದ ಕೊನೆಯ ಪ್ರಶ್ನೆಯ ಬಳಿ ನಾನು ನಿಲ್ಲಿಸಿದಾಗ ಆಕೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: ‘ಆ ಹುಡುಗಿ ನಿಮ್ಮನ್ನು ಕೇಳುವ ಮೊದಲು ಅಪ್ಪನ ಹತ್ತಿರ ಅರ್ಧ ಗಂಟೆ ಫೋನಿನಲ್ಲಿ ಮಾತನಾಡಿದ್ದಳು. ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು, ಆದರೆ ಮುಖದಲ್ಲಿ ಹೆದರಿಕೆ ಇರಲಿಲ್ಲ.’ ಇಷ್ಟು ವರ್ಷ ಆಕೆ ಇದನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವಳು ಬಂದು ‘ಹೋಗಲೇ?’ ಎಂದು ಕೇಳಿದ್ದು ಅನುಮತಿಗಲ್ಲದೆ ಜೊತೆಗೆ ಬರುತ್ತೀರಾ ಎಂಬ ಅರ್ಥದಲ್ಲಿ ಇದ್ದಿರಬಹುದೆಂದು ಈಗ ಅನಿಸುತ್ತಿದೆ. ವಕೀಲೆಯವರು ಹೇಳಿದ ಹಾಗೆ ವಿಶ್ವವಿದ್ಯಾಲಯಕ್ಕೆ ತಿಳಿಸಿ, ಅನುಮತಿ ಕೇಳಿ, ಇಲ್ಲಿಯ ನಾಗರಿಕನಾದ ನಾನು ಆ ಮಕ್ಕಳ ಮುಂದಿನ ಸಾಲಿನಲ್ಲಿ ನಿಲ್ಲಬಹುದಿತ್ತು. ಫೋಟೊದಲ್ಲಿ ನನ್ನ ಮುಖ ಕಾಣುತ್ತಿತ್ತು, ಅವರದು ಹಿಂದೆ ಉಳಿಯುತ್ತಿತ್ತು. ಅದು ನನಗೆ ಅಂದು ಹೊಳೆಯಲೇ ಇಲ್ಲ.

ಪತ್ರ ಬರೆಯಲು ಕುಳಿತಿದ್ದೇನೆ. ಮೊದಲ ಸಾಲು ಮಾತ್ರ ಆಗಿದೆ: ‘ಮಗಳೇ, ಅಂದು ನಿನ್ನ ತಂದೆ ಫೋನಿನಲ್ಲಿ ನಿನಗೆ ಏನು ಹೇಳಿದ್ದರು ಎಂದು ನಾನು ಕೇಳಲಿಲ್ಲ. ಈಗ ಹೇಳುತ್ತೀಯಾ?’